ಒಂದು ಪಕ್ಷ, ಎರಡು ಗದ್ದುಗೆ

ರಾಜಕೀಯ ಪಕ್ಷ ಅಂದರೆ ಒಂದು ದೇಶದ ಗಡಿಯೊಳಗಿನದು ಎಂದೇ ನಮ್ಮ ತಿಳುವಳಿಕೆ. ಅರಬ್ಬರ ಬಾತ್ ಪಕ್ಷ ಹಾಗಲ್ಲ. ಪ್ಯಾರಿಸ್ಸಿನಲ್ಲಿ ಓದಿ ಬಂದ ಇಬ್ಬರು ಮೇಷ್ಟ್ರು, ಮಿಶೆಲ್ ಅಫ್ಲಾಕ್ ಮತ್ತು ಸಲಾಹುದ್ದೀನ್ ಬಿತಾರ್, 1947ರಲ್ಲಿ ಸಿರಿಯಾದ ಡಮಾಸ್ಕಸ್ಸಿನಲ್ಲಿ ಇದನ್ನು ಸ್ಥಾಪಿಸಿದರು. ಬಾತ್ ಅಂದರೆ ಪುನರುತ್ಥಾನ. ಅಫ್ಲಾಕ್ ಕ್ರೈಸ್ತ, ಬಿತಾರ್ ಮುಸಲ್ಮಾನ. ಮತ ಯಾವುದಾದರೇನು, ಅರಬ್ಬರೆಲ್ಲ ಒಂದೇ ರಾಷ್ಟ್ರ. ಈ ಗಡಿಗಳು ಪರಕೀಯರು ಎಳೆದ ಗೆರೆಗಳು ಎಂಬುದು ಅವರ ವಾದ.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ ಹೆಡ್ಡಾಫೀಸು ಒಂದು, ಬ್ರಾಂಚು ಹಲವು. ಇಡೀ ಅರಬ್ ಜಗತ್ತಿಗೆ 'ರಾಷ್ಟ್ರೀಯ' ಸಮಿತಿ. ಸಿರಿಯಾ, ಇರಾಕ್, ಜೋರ್ಡಾನ್, ಲೆಬನಾನ್ ಬರೀ 'ಪ್ರಾಂತ'ಗಳು.

1963ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಇರಾಕ್, ಸಿರಿಯಾ ಎರಡರಲ್ಲೂ ಸೈನ್ಯದ ಬಲದಿಂದ ಅಧಿಕಾರ ಸಿಕ್ಕಿತು. ಇರಾಕಿನಲ್ಲಿ ಅದು ವರ್ಷವೂ ಉಳಿಯಲಿಲ್ಲ. 1966ರಲ್ಲಿ ಸಿರಿಯಾದ ಸೇನಾಧಿಕಾರಿಗಳು ಸ್ಥಾಪಕರನ್ನೇ ಹೊರಹಾಕಿದರು. 1968ರಲ್ಲಿ ಇರಾಕಿನಲ್ಲಿ ಮತ್ತೆ ಗದ್ದುಗೆ ಹತ್ತಿದ ಬಣ ಅದೇ ಅಫ್ಲಾಕರನ್ನು ತನ್ನ ನಾಯಕ ಅಂದಿತು. ಈಗ ಹೆಡ್ಡಾಫೀಸೇ ಎರಡು! 1980ರಲ್ಲಿ ಇರಾಕ್-ಇರಾನ್ ಯುದ್ಧ ಶುರುವಾದಾಗ ಸಿರಿಯಾ ನಿಂತದ್ದು ಅರಬ್ಬರಲ್ಲದ ಇರಾನಿನ ಕಡೆ. ಅದೇ ವರ್ಷ ಬಿತಾರ್ ಪ್ಯಾರಿಸ್ಸಿನಲ್ಲಿ ಕೊಲೆಯಾದರು.

2003ರಲ್ಲಿ ಅಮೆರಿಕದ ಸೇನೆ ನುಗ್ಗಿದ ಮೇಲೆ ಇರಾಕಿನ ಬಾತ್ ನಿಷೇಧವಾಯಿತು. 2024ರ ಡಿಸೆಂಬರಿನಲ್ಲಿ ಅಸ್ಸಾದ್ ಓಡಿಹೋದರು. 2025ರ ಜನವರಿಯಲ್ಲಿ ಸಿರಿಯಾದಲ್ಲೂ ಪಕ್ಷ ವಿಸರ್ಜನೆಯಾಯಿತು. ಗೆರೆ ಅಳಿಸುತ್ತೇವೆಂದು ಹೊರಟವರು ಇವರು. ಆದರೆ ಗೆರೆಯ ಈಚೆಗೊಂದು ಗದ್ದುಗೆ, ಆಚೆಗೊಂದು ಗದ್ದುಗೆ ಸಿಕ್ಕಿದ ಮೇಲೆ ಅಳಿಸೋ ಮನಸ್ಸು ಯಾರಿಗಿರುತ್ತೆ?