ಮ್ಯಾಗ್ನೀಷಿಯಂ: ಹಗುರ ಲೋಹವೂ ಅದರ ಎರಕವೂ

ಭೋಸರಿ, ಪಿಂಪರಿ-ಚಿಂಚವಡ, ಚಾಕಣಗಳಲ್ಲಿ ಮೋಟಾರು ಗಾಡಿಗಳ ಬಿಡಿಭಾಗ ತಯಾರಿಸುವ ಕಾರಖಾನೆಗಳಲ್ಲಿ ನಮ್ಮ ಕನ್ನಡ ಬಂಧುಗಳು ಅನೇಕರು ದುಡಿಯುತ್ತಾರೆ. ಅಲ್ಲಿಯ ಡೈಕಾಸ್ಟಿಂಗ್ ಕೆಲಸದಲ್ಲಿ ಹೆಚ್ಚಿನ ಪಾಲು ಅಲ್ಯುಮಿನಿಯಂನದು. ಅದಕ್ಕಿಂತಲೂ ಹಗುರವಾದ ಲೋಹ ಮ್ಯಾಗ್ನೀಷಿಯಂ. ಅದರ ಎರಕಕ್ಕೆ ಅಚ್ಚಿನೊಳಗಿನ ಗಾಳಿಯನ್ನೇಕೆ ಹೀರಿ ತೆಗೆಯುತ್ತಾರೆ, ಎರಕವನ್ನು ಮತ್ತೆ ಕಾಸುವದೇಕೆ, ಅದರ ಬಳಿ ದುಡಿಯುವವನು ಯಾವದಕ್ಕೆ ಅಂಜಬೇಕು ಎಂಬ ಮೂರು ಸಂಗತಿಗಳನ್ನು ಇಲ್ಲಿ ತಿಳಿಸಲೆತ್ನಿಸುತ್ತೇವೆ.

ಮೊದಲು ತೂಕದ ಮಾತು. ಒಂದು ಲೀಟರು ನೀರು ಒಂದು ಕಿಲೋ ತೂಗುವದು. ಅಷ್ಟೇ ಗಾತ್ರದ ಕಬ್ಬಿಣದ ತೂಕ ಸುಮಾರು 7.9 ಕಿಲೋ, ಅಲ್ಯುಮಿನಿಯಂನದು 2.7, ಮ್ಯಾಗ್ನೀಷಿಯಂನದು 1.74 ಮಾತ್ರ. ಗಾಡಿ ಹಗುರಾದಷ್ಟು ಪೆಟ್ರೋಲು ಉಳಿಯುವದು. ಫೋಕ್ಸ್‌ವ್ಯಾಗನ್ ಕಂಪನಿಯ ಹಳೆಯ ಬೀಟಲ್ ಕಾರಿನ ಎಂಜಿನ್ನಿನ ಕೋಶ ಮತ್ತು ಗೇರ್ ಪೆಟ್ಟಿಗೆ ಈ ಲೋಹದವೇ ಆಗಿದ್ದವು. ಅದೇ ಕಂಪನಿಯ ಕಾರಖಾನೆ 2009ರಲ್ಲಿ ನಮ್ಮ ಚಾಕಣದಲ್ಲಿ ಆರಂಭವಾಯಿತು.

ಶುದ್ಧ ಮ್ಯಾಗ್ನೀಷಿಯಂ ಮೆದು. ಆದುದರಿಂದ ಅದಕ್ಕೆ ಬೇರೆ ಲೋಹ ಬೆರೆಸುತ್ತಾರೆ. ಎಝಡ್ 91 ಎಂಬ ಹೆಸರಾಂತ ಮಿಶ್ರಣದಲ್ಲಿ ನೂರಕ್ಕೆ ಸುಮಾರು 9 ಪಾಲು ಅಲ್ಯುಮಿನಿಯಂ, ಒಂದಕ್ಕಿಂತ ಕಡಿಮೆ ಪಾಲು ಸತುವು ಇರುವವು.

ಡೈಕಾಸ್ಟಿಂಗ್ ಎಂದರೆ ಕರಗಿದ ಲೋಹವನ್ನು ಉಕ್ಕಿನ ಅಚ್ಚಿನೊಳಗೆ ಭಾರಿ ಒತ್ತಡದಿಂದ ನೂಕುವದು. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದಂತೆ ಇದು. ಆದರೆ ಇಲ್ಲಿ ಕೆಲಸ ಕಣ್ಣು ಮಿಟುಕಿಸುವದರೊಳಗೆ ಮುಗಿಯುವದು. ಇಷ್ಟು ಅವಸರದಲ್ಲಿ ಅಚ್ಚಿನೊಳಗಿನ ಗಾಳಿ ಹೊರಗೆ ಹೋಗಲು ಎಡೆಯೆಲ್ಲಿ? ಅದು ಲೋಹದೊಳಗೇ ಸಣ್ಣ ಗುಳ್ಳೆಗಳಾಗಿ ಸಿಕ್ಕಿಬೀಳುವದು. ಮೇಲಿನಿಂದ ಭಾಗವು ನುಣುಪಾಗಿ ಕಂಡರೂ ಒಳಗೆ ಪೊಳ್ಳು.

ಇದಕ್ಕೆ ಪರಿಹಾರವೇ ನಿರ್ವಾತ ಎರಕ. ಲೋಹ ಒಳನುಗ್ಗುವ ಮೊದಲೇ ಪಂಪಿನಿಂದ ಅಚ್ಚಿನ ಗಾಳಿಯನ್ನು ಹೀರುತ್ತಾರೆ. ಹೊರಗಿನ ಗಾಳಿಯ ಒತ್ತಡ ಸುಮಾರು 1,000 ಮಿಲಿಬಾರ್ ಇದ್ದರೆ ಅಚ್ಚಿನೊಳಗೆ ಅದನ್ನು 100ಕ್ಕಿಂತ, ಒಳ್ಳೆಯ ಯಂತ್ರಗಳಲ್ಲಿ 50ಕ್ಕಿಂತ ಕೆಳಗೆ ಇಳಿಸುವರು. ಲೋಹ ಬಂದು ತಲುಪುವ ಕ್ಷಣಕ್ಕೆ ಸರಿಯಾಗಿ ಕವಾಟ ಮುಚ್ಚಬೇಕು. ಅಚ್ಚಿನ ಸಂದುಗಳು ಸೋರಬಾರದು. ಅಚ್ಚಿಗೆ ಸಿಂಪಡಿಸುವ ಜಾರುದ್ರವ ಹೆಚ್ಚಾದರೆ ಅದೇ ಉರಿದು ಹೊಗೆಯಾಗಿ, ಪಂಪಿನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುವದು. ಹೀಗೆ ಸಿಂಪಡಿಸುವ ಕೆಲಸಗಾರನ ಕೈಯ ಹದವೂ ಎರಕದ ಗುಣವನ್ನು ನಿರ್ಣಯಿಸುವದು.

ಇಷ್ಟೆಲ್ಲ ಏಕೆಂದರೆ ಮುಂದಿನ ಹಂತಕ್ಕಾಗಿ. ಎರಕವನ್ನು ಮತ್ತೆ ಕಾಸಿ ಹದಗೊಳಿಸುವದಕ್ಕೆ ಹೀಟ್ ಟ್ರೀಟ್‌ಮೆಂಟ್ ಎನ್ನುತ್ತಾರೆ. ಎಝಡ್ 91ನ್ನು ಸುಮಾರು 415 ಡಿಗ್ರಿಯಲ್ಲಿ ಹಲವು ಗಂಟೆ ಇಟ್ಟರೆ, ಅದರಲ್ಲಿ ಬಿರುಸಾದ ಗಂಟುಗಳಂತೆ ನಿಂತಿದ್ದ ಅಲ್ಯುಮಿನಿಯಂ ಸಂಯುಕ್ತವು ಕರಗಿ ಲೋಹದಲ್ಲಿ ಒಂದಾಗುವದು. ಆಗ ಭಾಗವು ಪೆಟ್ಟಿಗೆ ಥಟ್ಟನೆ ಒಡೆಯದೆ ತುಸು ಬಾಗುವ ಗುಣ ಪಡೆಯುವದು. ಬಳಿಕ ಗಾಳಿಯಲ್ಲಿ ಆರಿಸಿ, 170 ಡಿಗ್ರಿಯ ಸುಮಾರಿಗೆ ಮತ್ತೆ ದೀರ್ಘಕಾಲ ಇಟ್ಟರೆ ಅದೇ ಸಂಯುಕ್ತವು ಅತಿ ಸಣ್ಣ ಕಣಗಳಾಗಿ ಹರಡಿ ಬಲ ಹೆಚ್ಚಿಸುವದು. ಒಳಗೆ ಗಾಳಿ ಸಿಕ್ಕಿಬಿದ್ದ ಸಾದಾ ಎರಕವನ್ನು ಹೀಗೆ ಕಾಸಿದರೆ ಗುಳ್ಳೆಗಳು ಹಿಗ್ಗಿ, ಎಣ್ಣೆಗೆ ಬಿಟ್ಟ ಪೂರಿಯಂತೆ ಮೈಯೆಲ್ಲ ಉಬ್ಬುವದು. ಭಾಗವು ರದ್ದಿಗೆ ಹೋಗುವದು. ಕಾವು ಮೆಲ್ಲನೆ ಏರಬೇಕು. ಅವಸರ ಮಾಡಿದರೆ ಬೇಗ ಕರಗುವ ಅಂಶಗಳು ಮೊದಲೇ ಕರಗಿ ತೂತು ಬೀಳುವವು. ಭಟ್ಟಿಯಲ್ಲಿ ರಕ್ಷಕ ಅನಿಲವೂ ಇರಬೇಕು, ಇಲ್ಲವಾದರೆ ಲೋಹಕ್ಕೇ ಬೆಂಕಿ ಹತ್ತುವ ಭಯ.

ಆ ಬೆಂಕಿಯ ವಿಷಯವೇ ಎಲ್ಲಕ್ಕೂ ಮುಖ್ಯ. ಶಾಲೆಯಲ್ಲಿ ಮ್ಯಾಗ್ನೀಷಿಯಂ ಪಟ್ಟಿಯನ್ನು ಉರಿಸಿ ತೋರಿಸಿದ ಬಿಳಿ ಬೆಳಕನ್ನು ಅನೇಕರು ಕಂಡಿರಬಹುದು. ದೊಡ್ಡ ಗಟ್ಟಿಗೆ ಸುಲಭವಾಗಿ ಉರಿ ಹತ್ತದು; ಆದರೆ ತುರಿ, ಪುಡಿ ಮತ್ತು ಕರಗಿದ ಲೋಹ ಬಲು ಅಪಾಯಕಾರಿ. ಇದರ ಬೆಂಕಿಗೆ ನೀರು ಹಾಕಲೇಕೂಡದು. ಉರಿಯುವ ಲೋಹವು ನೀರನ್ನು ಒಡೆದು ಹೈಡ್ರೋಜನ್ ಹುಟ್ಟಿಸುವದು, ಅದು ಸಿಡಿಯುವದು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಒಂದು ಮರ್ಸಿಡಿಸ್ ಕಾರು ಅಪಘಾತಕ್ಕೀಡಾಗಿ, ಅದರ ತುಂಡುಗಳು ಜನಸಂದಣಿಗೆ ಬಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅದರ ಮೈ ಮ್ಯಾಗ್ನೀಷಿಯಂ ಮಿಶ್ರಲೋಹದ್ದು. ಉರಿಯುತ್ತಿದ್ದ ಅದಕ್ಕೆ ನೀರು ಸುರಿದಾಗ ಬೆಂಕಿ ಮತ್ತಷ್ಟು ಭುಗಿಲೆದ್ದಿತು.

ಇಂಗಾಲಾಮ್ಲದ ಬೆಂಕಿ ಆರಿಸುವ ಸಿಲಿಂಡರೂ ಕೆಲಸಕ್ಕೆ ಬಾರದು. ಮ್ಯಾಗ್ನೀಷಿಯಂ ಆ ಅನಿಲದಲ್ಲಿಯೂ ಉರಿಯುವದು. ಲೋಹದ ಬೆಂಕಿಗೆಂದೇ ಮಾಡಿದ 'ಡಿ' ವರ್ಗದ ಒಣ ಪುಡಿಯೇ ಬೇಕು. ಒದ್ದೆ ಉಸುಕೂ ಬೇಡ. ಪುಣೆಯ ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ತೇವ ಹಿಡಿದ ಗಟ್ಟಿಯನ್ನು ಕರಗಿದ ಲೋಹಕ್ಕೆ ಹಾಕಿದರೆ ಸಿಡಿತ ತಪ್ಪದು. ಮೊದಲು ಕಾಸಿ ಒಣಗಿಸಿಯೇ ಹಾಕಬೇಕು. ತುರಿಯನ್ನು ಮುಚ್ಚಿದ ಒಣ ಡಬ್ಬಿಯಲ್ಲಿಡಬೇಕು. ನೆಲದ ಮೇಲೆ ಬಿಡಬಾರದು.

ಹೊಸ ಕೆಲಸಕ್ಕೆ ಸೇರುವ ಬಂಧುಗಳು ಮೊದಲ ದಿನವೇ ಮೇಸ್ತ್ರಿಯನ್ನು ಎರಡು ಮಾತು ಕೇಳಲಿ: "ಇಲ್ಲಿ ಕರಗುವದು ಯಾವ ಲೋಹ? ಅದರ ಪುಡಿ ಎಲ್ಲಿದೆ?" ಕೇಳುವದರಲ್ಲಿ ನಾಚಿಕೆಯಿಲ್ಲ. ಓದಲು ಬಾರದ ಸಂಗಡಿಗರಿಗೂ ಇಷ್ಟನ್ನು ಓದಿ ಹೇಳಬೇಕೆಂದು ನಮ್ಮ ವಿನಂತಿ.