ಸಾರವೆ ಹತ್ತಲಾರದ ಮೇಸ್ತ್ರಿ

ನಮ್ಮ ಮನೆಯ ಕಾಂಪೌಂಡು ಗೋಡೆಯನ್ನು ಕಟ್ಟಿದ ಗಾರೆ ಮೇಸ್ತ್ರಿಯೊಬ್ಬರು ತಮ್ಮ ಅಪಘಾತದ ಮೊಕದ್ದಮೆಯಲ್ಲಿ ಸಾಕ್ಷಿ ನುಡಿಯಬೇಕಾಗಿ ಬಂದ ದಿನ, ಅವರಿಗೆ ಧೈರ್ಯವಾಗಲೆಂದು ಜೊತೆಗೆ ಹೋಗಿ ನ್ಯಾಯಾಲಯದ ಹಿಂಬದಿಯ ಬೆಂಚಿನ ಮೇಲೆ ಕುಳಿತಿದ್ದೆನು. ವಿಮಾ ಕಂಪನಿಯ ಪರವಾದ ವಕೀಲರು ಪಾಟೀಸವಾಲಿನಲ್ಲಿ, "ಈಗಲೂ ನೀವು ಗಾರೆ ಕೆಲಸ ಮಾಡುತ್ತಿದ್ದೀರಿ, ಹೌದೋ ಅಲ್ಲವೋ?" ಎಂದು ಕೇಳಿದರು. ಮೇಸ್ತ್ರಿಗಳು ಬಗ್ಗದ ಮೊಣಕಾಲನ್ನು ಮುಂದಕ್ಕೆ ಚಾಚಿ, ಕಟಕಟೆಯ ಕಂಬಿಯನ್ನು ಹಿಡಿದು, "ಮಾಡ್ತೀನಿ ಸ್ವಾಮಿ. ನೆಲದ ಮೇಲೆ ನಿಂತ್ಕೊಂಡು ಎಷ್ಟಾಗುತ್ತೋ ಅಷ್ಟು. ಸಾರವೆ ಹತ್ತೋಕಾಗಲ್ಲ" ಎಂದರು.

ಗಾಯಗೊಂಡ ಮನುಷ್ಯನಿಗೆ ಸಲ್ಲತಕ್ಕ ಪರಿಹಾರದ ತತ್ತ್ವವೆಲ್ಲವೂ ಆ ಒಂದು ಉತ್ತರದಲ್ಲಿ ಅಡಗಿದೆಯೆಂಬುದು ನನಗೆ ಆಮೇಲೆ, ತೀರ್ಪುಗಳನ್ನು ಓದುತ್ತ ಹೋದಂತೆ, ವಿಶದವಾಯಿತು. ವೈದ್ಯರು ಒಂದು ಕಾಲಿನ ಅಂಗವೈಕಲ್ಯವನ್ನು ಶೇಕಡಾ ಇಷ್ಟೆಂದು ಪ್ರಮಾಣಪತ್ರದಲ್ಲಿ ಬರೆದುಕೊಡಬಲ್ಲರು. ಆದರೆ ಆ ಕಾಲಿನ ಊನವು ಆ ಮನುಷ್ಯನ ದುಡಿಮೆಯಲ್ಲಿ ಎಷ್ಟನ್ನು ಅಪಹರಿಸಿತೆಂಬುದು ಬೇರೆಯೇ ಪ್ರಶ್ನೆ. ಸುಪ್ರೀಂ ಕೋರ್ಟು 2010ರ ಒಂದು ತೀರ್ಪಿನಲ್ಲಿ ಈ ಭೇದವನ್ನು ಬಹು ಸ್ಪಷ್ಟವಾಗಿ ನಿರೂಪಿಸಿತು: ಎಡಗೈಯನ್ನು ಕಳೆದುಕೊಂಡವನು ಬಡಗಿಯೋ ಚಾಲಕನೋ ಆಗಿದ್ದಲ್ಲಿ ಅವನ ಸಂಪಾದನಾಶಕ್ತಿ ಸರಿಸುಮಾರು ಪೂರ್ತಿಯಾಗಿಯೇ ನಷ್ಟವಾದಂತೆ, ಅದೇ ಕೈಯನ್ನು ಕಳೆದುಕೊಂಡ ಸರಕಾರಿ ಗುಮಾಸ್ತನು ತನ್ನ ಹುದ್ದೆಯಲ್ಲಿಯೇ ಮುಂದುವರಿಯಲೂಬಹುದು. ಗಾಯವೊಂದೇ, ನಷ್ಟ ಒಂದೇ ಅಲ್ಲ.

ಲೆಕ್ಕದ ಕ್ರಮವೂ ದುರೂಹವಾದುದೇನಲ್ಲ. 28 ವರ್ಷದ ಕೂಲಿಕಾರನೊಬ್ಬನ ತಿಂಗಳ ವರಮಾನ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಭವಿಷ್ಯದಲ್ಲಿ ಹೆಚ್ಚಬಹುದಾಗಿದ್ದ ಗಳಿಕೆಗಾಗಿ ಅದಕ್ಕೆ ಶೇಕಡಾ 40ನ್ನು ಕೂಡಿಸಿ, 12 ತಿಂಗಳಿಂದ ಗುಣಿಸಿ, ಅವನ ವಯಸ್ಸಿಗೆ ಸುಪ್ರೀಂ ಕೋರ್ಟಿನ 2009ರ ತೀರ್ಪು ನಿಗದಿಪಡಿಸಿರುವ 17 ಎಂಬ ಗುಣಕದಿಂದ ಮತ್ತೆ ಗುಣಿಸಿ, ದುಡಿಮೆಯ ಮೇಲಿನ ವೈಕಲ್ಯ ಶೇಕಡಾ 30 ಎಂದಿಟ್ಟುಕೊಂಡು ಅಷ್ಟು ಪ್ರಮಾಣವನ್ನು ಹಿಡಿದರೆ, 10,28,160 ರೂಪಾಯಿ ಆಗುವುದು. ಚಿಕಿತ್ಸೆಯ ವೆಚ್ಚ, ನೋವು ಮತ್ತು ಯಾತನೆ, ಹಾಸಿಗೆ ಹಿಡಿದ ತಿಂಗಳುಗಳ ಕೂಲಿ, ಪೌಷ್ಟಿಕ ಆಹಾರ, ಓಡಾಟದ ಖರ್ಚು ಇವೆಲ್ಲ ಪ್ರತ್ಯೇಕ. ಶೇಕಡಾ 30ರ ಬದಲು 10 ಎಂದು ಎಣಿಕೆಯಾದರೆ ಮೊತ್ತವು ಮೂರನೆಯ ಒಂದು ಪಾಲಿಗೆ ಇಳಿಯುವುದು. ಸಾರವೆಯ ಮಾತು ನ್ಯಾಯಾಧೀಶರ ಲೇಖನಿಗೆ ಇಳಿಯುವುದೋ ಬಿಡುವುದೋ ಎಂಬುದರ ಮೇಲೆ ಒಂದು ಸಂಸಾರದ ಅನ್ನ ನಿಂತಿರುತ್ತದೆ.

ಆದರೆ ವರಮಾನ 12,000 ಎಂಬುದಕ್ಕೆ ಆಧಾರವೆಲ್ಲಿ? ಶನಿವಾರದ ಸಂಜೆ ಬಟವಾಡೆಯನ್ನು ಕೈಯಲ್ಲಿ ಎಣಿಸಿಕೊಂಡು ಮನೆಗೆ ನಡೆಯುವವನ ಬಳಿ ಸಂಬಳದ ಚೀಟಿ ಇರುವುದಿಲ್ಲ. ಈ ವಿಚಾರದಲ್ಲಿ ನಮ್ಮ ಕರ್ನಾಟಕದಿಂದಲೇ ದೆಹಲಿಯವರೆಗೆ ಹೋದ ಒಂದು ಪ್ರಕರಣ ಸ್ಮರಣೀಯವಾದುದು. ಅಪಘಾತದಲ್ಲಿ ಕಾಲನ್ನು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬನು ದಾಖಲೆ ಹಾಜರುಪಡಿಸಲಿಲ್ಲವೆಂಬ ಕಾರಣದಿಂದ ಅವನ ಗಳಿಕೆಯನ್ನು ತಿಂಗಳಿಗೆ 3,500 ರೂಪಾಯಿ ಎಂದು ಹಿಡಿಯಲಾಗಿತ್ತು. ಸುಪ್ರೀಂ ಕೋರ್ಟು 2014ರಲ್ಲಿ, ಅಸಂಘಟಿತ ವಲಯದಲ್ಲಿ ಸ್ವಂತ ವ್ಯಾಪಾರ ಮಾಡಿಕೊಂಡಿರುವವನಿಂದ ಕಾಗದಪತ್ರಗಳನ್ನು ನಿರೀಕ್ಷಿಸುವುದಾದರೂ ಹೇಗೆಂದು ಪ್ರಶ್ನಿಸಿ, ವರಮಾನವನ್ನು 6,500ಕ್ಕೂ ವೈಕಲ್ಯವನ್ನು ಶೇಕಡಾ 85ಕ್ಕೂ ಏರಿಸಿತು. ತರಕಾರಿ ಮಾರುವುದೆಂದರೆ ಕುಳಿತಲ್ಲಿಯೇ ತೂಗಿ ಕೊಡುವುದಷ್ಟೇ ಅಲ್ಲ, ಸಗಟು ಮಾರುಕಟ್ಟೆಗೆ ಹೋಗಿ ಕೊಳ್ಳಬೇಕು, ಗಾಡಿಯನ್ನು ತಳ್ಳಿಕೊಂಡು ತಿರುಗಬೇಕು ಎಂದು ಆ ನ್ಯಾಯಪೀಠವು ಗಮನಿಸಿದ ರೀತಿ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ತೀರ್ಪು ಬರೆದವರು ಸಂತೆಯನ್ನು ಕಂಡವರಿರಬೇಕು.

ಕಾಗದದ ಪೈಕಿ ಅತಿ ನಿರ್ಣಾಯಕವಾದುದು ಮೊತ್ತಮೊದಲನೆಯದು. ಗಾಯಾಳುವನ್ನು ಆಟೋದಲ್ಲಿ ಹಾಕಿಕೊಂಡು ಬಂದವರು, ಪೊಲೀಸು ಠಾಣೆಯ ಅಲೆದಾಟ ಬೇಡವೆಂದೋ ಗಾಬರಿಯಿಂದಲೋ, "ಬೈಕಿನಿಂದ ಬಿದ್ದ" ಎಂದು ಮಾತ್ರ ಹೇಳುವುದುಂಟು; ತುರ್ತುಚಿಕಿತ್ಸೆಯ ಕೊಠಡಿಯಲ್ಲಿ ಅದೇ ಮಾತು ದಾಖಲಾಗುವುದು. ಗುದ್ದಿದ ಲಾರಿಯ ಹೆಸರೆತ್ತಿ ವಾರದ ಅನಂತರ ದೂರು ಕೊಟ್ಟರೆ, ವಿಮಾ ಕಂಪನಿಯು ಆಸ್ಪತ್ರೆಯ ಆ ಒಂದು ಸಾಲನ್ನು ಎತ್ತಿಹಿಡಿದು, ತಾನಾಗಿ ಬಿದ್ದವನು ಲಾರಿಯನ್ನು ಆಮೇಲೆ ಸೇರಿಸಿದ್ದಾನೆಂದು ವಾದಿಸುವುದು. ವೂಂಡ್ ಸರ್ಟಿಫಿಕೇಟು, ಎಫ್‌ಐಆರ್, ಸ್ಥಳದ ಮಹಜರು, ವಾಹನ ತಪಾಸಣೆಯ ವರದಿ, ಔಷಧದ ಬಿಲ್ಲುಗಳು ಎಲ್ಲವೂ ಬೇಕು. ಆದರೆ ಆ ಮೊದಲ ಸಾಲು ತಪ್ಪಿದರೆ ಉಳಿದವು ಬಲಗುಂದುವುವು. ಮೇಸ್ತ್ರಿಗಳ ಪ್ರಕರಣದಲ್ಲಿಯೂ ಹೀಗೆಯೇ ಆಗಿತ್ತು. ಗುದ್ದಿದ್ದನ್ನು ಕಂಡ ಎಳನೀರು ಮಾರುವವನು ಬಂದು ಸಾಕ್ಷಿ ಹೇಳದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಕಾಲದ ಮಿತಿಯನ್ನೂ ಇಲ್ಲಿಯೇ ಹೇಳಿಬಿಡುವೆನು. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯ ಒಂದು ಭಾಗವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅರ್ಜಿಯನ್ನು ಅಪಘಾತದಿಂದ ಆರು ತಿಂಗಳೊಳಗೆ ಸಲ್ಲಿಸತಕ್ಕದ್ದೆಂದು ವಿಧಿಸಿದೆ. ಈ ನಿಬಂಧನೆ ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನಿತವಾಗಿದೆಯಾದರೂ, ಅದನ್ನು ನೆಚ್ಚಿ ಕೂರುವುದು ಕ್ಷೇಮವಲ್ಲ. ಅಪಘಾತವಾದ ಊರಿನಲ್ಲಿಯೇ ಅರ್ಜಿ ಹಾಕಬೇಕೆಂಬುದೂ ಇಲ್ಲ. ತಾನು ವಾಸಿಸುವ ಊರಿನ ನ್ಯಾಯಮಂಡಳಿಗೂ ಸಲ್ಲಿಸಬಹುದು.

ಇನ್ನು ಅಪಘಾತಗಳ ಕಾರಣದ ಮಾತು. 2022ರೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಮಡಿದರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಗಾಯಗೊಂಡವರು ನಾಲ್ಕು ಲಕ್ಷವನ್ನು ಮೀರಿದರು. ಅತಿವೇಗವೇ ಮುಖ್ಯ ಕಾರಣವೆಂಬುದೂ, ಸತ್ತವರಲ್ಲಿ ದ್ವಿಚಕ್ರ ಸವಾರರೇ ಅತ್ಯಧಿಕರೆಂಬುದೂ ಸರ್ವವಿದಿತ. ಆದರೆ ನಮ್ಮ ಹಳ್ಳಿಗಾಡಿನ ರಸ್ತೆಗಳಿಗೆ ಅವುಗಳದೇ ಆದ ಕಾರಣಗಳಿವೆ. ಸುಗ್ಗಿಯ ದಿನಗಳಲ್ಲಿ ರಾಗಿ ತೆನೆಯನ್ನೂ ಹುರುಳಿ ಗಿಡವನ್ನೂ ಡಾಂಬರಿನ ಮೇಲೆ ಮೊಣಕಾಲೆತ್ತರ ಹರಡಿ, ಹೋಗಿಬರುವ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವುದನ್ನು ಕಾಣದವರಾರು? ಕಣ ಮಾಡಲು ನೆಲವಿಲ್ಲದ, ಆಳು ಸಿಗದ ರೈತನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇರುಳಲ್ಲಿ ಆ ಹುಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡ ಸವಾರನಿಗೆ, ಗುದ್ದಿದ ವಾಹನವೇ ಇಲ್ಲವಾದುದರಿಂದ, ಥರ್ಡ್ ಪಾರ್ಟಿ ವಿಮೆಯಿಂದ ಬಿಡಿಗಾಸೂ ಬಾರದು. ಮಾಲೀಕ ಸವಾರನಿಗೆಂದು ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಮರಣಕ್ಕೆ, ಅಂಗ ಅಥವಾ ಕಣ್ಣಿನ ನಷ್ಟಕ್ಕೆ, ಶಾಶ್ವತ ಪೂರ್ಣ ವೈಕಲ್ಯಕ್ಕೆ ಮಾತ್ರ ಸಲ್ಲುವುದು, ಮುರಿದು ಕೂಡಿದ ಮೂಳೆಗಲ್ಲ. ಹಿಂಬದಿಗೆ ಕೆಂಪು ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಕಬ್ಬು ಹೇರಿಕೊಂಡು ಕತ್ತಲಲ್ಲಿ ನಿಂತ ಟ್ರ್ಯಾಕ್ಟರಿನ ಟ್ರೇಲರನ್ನು ಕುರಿತು ಹೇಳಹೊರಟರೆ ಅದೇ ಒಂದು ಲೇಖನವಾದೀತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸರಕು ಸಾಗಿಸುವ ಟೆಂಪೋಗಳಲ್ಲಿ ನಿಂತು ಹೋಗುವ ಜನ. ನಾಟಿಗೆ ಹೊರಟ ಹೆಣ್ಣಾಳುಗಳು, ಮದುವೆಯ ದಿಬ್ಬಣದವರು, ಜಾತ್ರೆಗೆ ಹೊರಟ ಮನೆಮಂದಿ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಹಗ್ಗ ಹಿಡಿದು ನಿಂತಿರುತ್ತಾರೆ. ಸರಕಿನ ವಾಹನದಲ್ಲಿ ಬಿಟ್ಟಿಯಾಗಿ ಪ್ರಯಾಣಿಸುವವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಮಾನಿಸಿದೆ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ ಮಾತ್ರ ಬೇರೆ ಮಾತು. ಟೆಂಪೋ ಮಗುಚಿದಲ್ಲಿ ತೀರ್ಪಿನ ಹಣವನ್ನು ಮಾಲೀಕನೇ ತೆರಬೇಕು, ಮತ್ತು ಆ ಮಾಲೀಕನು ಸಾಲದಲ್ಲಿ ಗಾಡಿ ಕೊಂಡವನಾದರೆ ತೀರ್ಪು ಬರಿಯ ಕಾಗದವಾಗಿ ಉಳಿಯುವುದು. ಕಾನೂನಿನ ತರ್ಕ ಸರಿಯಿರಬಹುದು. ಬಸ್ಸೇ ಇಲ್ಲದ ಊರಿನ ಬಡವರ ಪಾಲಿಗೆ ಅದು ಕ್ರೂರವಾಗಿ ಪರಿಣಮಿಸಿದೆಯೆಂದು ನಾನು ನಂಬುತ್ತೇನೆ. ಗುದ್ದಿ ಪರಾರಿಯಾದ, ಗುರುತೇ ಸಿಗದ ವಾಹನದಿಂದ ಸತ್ತವರ ಕುಟುಂಬಕ್ಕೆ ಸರಕಾರದ ಯೋಜನೆಯಲ್ಲಿ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುವುದುಂಟು. ಟೆಂಪೋದ ಹೆಣ್ಣಾಳಿಗೆ, ಅವಳ ವಾಹನದ ನಂಬರು ಎಲ್ಲರಿಗೂ ತಿಳಿದಿರುವುದರಿಂದ, ಅದೂ ಇಲ್ಲ.

ಮೇಸ್ತ್ರಿಗಳ ಪಾಟೀಸವಾಲು ಮುಗಿದ ಮೇಲೆ ಹೊರಗೆ ಬಂದೆವು. ಅವರ ಹೆಂಡತಿ ಮೊಗಸಾಲೆಯಲ್ಲಿ ಕಾಯುತ್ತಿದ್ದರು. ಕಟ್ಟಡದ ಕೆಲಸದಲ್ಲಿ ಗಂಡನ ಜೊತೆಗೇ ಬಾಂಡಲಿ ಹೊರುತ್ತಿದ್ದ ಆಕೆ, ಏಳು ತಿಂಗಳು ಕೂಲಿ ಬಿಟ್ಟು, ಅವರನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಬ್ಯಾಂಡೇಜು ಬದಲಿಸಲು ಆಸ್ಪತ್ರೆಗೆ ಕರೆದೊಯ್ದವರು. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟತಕ್ಕದ್ದೆಂದು 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರು ಬರೆದ ತೀರ್ಪಿನಲ್ಲಿ, ಮನೆಗೆಲಸಕ್ಕೆ ನಮ್ಮ ಹೆಂಗಸರು ದಿನಕ್ಕೆ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ವ್ಯಯಿಸುವರೆಂಬ ಸಮೀಕ್ಷೆಯ ಉಲ್ಲೇಖವಿದೆ. ಶುಶ್ರೂಷೆ ಮಾಡುವವರ ವೆಚ್ಚವನ್ನೂ ಪರಿಹಾರದಲ್ಲಿ ಸೇರಿಸುವುದುಂಟು. ಆದರೆ ಮೇಸ್ತ್ರಿಗಳ ಕಡತದಲ್ಲಿ ಔಷಧದಂಗಡಿಯ ಒಂದೊಂದು ಚೀಟಿಯೂ ಇದ್ದು, ಆಕೆಯ ಏಳು ತಿಂಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಾನು ವಕೀಲರಿಗೆ ಅದನ್ನು ತಿಳಿಸಿದಾಗ ಅವರು ಕಡತವನ್ನು ಮತ್ತೆ ಬಿಚ್ಚಿ, ಆಕೆಯ ಕಡೆ ತಿರುಗಿ, "ದಿನಕ್ಕೆ ಎಷ್ಟು ಕೂಲಿ ಬರ್ತಿತ್ತಮ್ಮ ನಿಮಗೆ?" ಎಂದು ಕೇಳಿದರು. ಆಕೆ ಗಂಡನ ಮುಖವನ್ನು ನೋಡಿದರು; ತಮ್ಮನ್ನೂ ಈ ಪ್ರಶ್ನೆ ಕೇಳಬಹುದೆಂದು ಅವರು ಎಣಿಸಿರಲಿಲ್ಲ.