ಜೋಳಿಗೆ ತುಂಬಿದ್ದು ಲೈಕುಗಳಿಂದಲ್ಲ

ಬೆಳಗಿನ ಆರು ಗಂಟೆ. ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಮಗಳು ಸೂರ್ಯನಮಸ್ಕಾರ ಮಾಡುತ್ತಿದ್ದಾಳೆ. ಎದುರಿಗೆ ಇಟ್ಟಿಗೆಗೆ ಒರಗಿಸಿಟ್ಟ ಮೊಬೈಲು. ‘ಪರೀಕ್ಷೆ ಹತ್ತಿರ ಬಂತು, ಇದೇನೇ ನಿನ್ನ ಸಿನಿಮಾ?’ ಎಂದು ಅಮ್ಮ ಕೆಳಗಿನಿಂದ ಕೂಗುತ್ತಾಳೆ. ‘ಇರಮ್ಮ, ಇದೊಂದು ರೀಲ್ಸ್ ಮುಗಿಸಿ ಬರ್ತೀನಿ’ ಎಂಬ ಉತ್ತರ ಮೇಲಿನಿಂದ. ಬಿ.ದುರ್ಗವಿರಲಿ, ಹಿರಿಯೂರಿರಲಿ, ಹೊಸದುರ್ಗವಿರಲಿ, ಇಂಥ ಮಾತುಕತೆ ಈಗ ಯಾವ ಊರಿಗೂ ಹೊಸದಲ್ಲ.

ಯೋಗ, ಪ್ರಾಣಾಯಾಮ, ಧ್ಯಾನ, ಮನೆಮದ್ದು... ನಾಲ್ಕು ದಿನ ಕಲಿತವರೂ ಕಲಿಸಲು ಹೊರಡುವ ಕಾಲವಿದು. ಕಲಿಸುವುದು ತಪ್ಪೇನಲ್ಲ. ಆದರೆ ನೋಡುವವರನ್ನು ಎಲ್ಲಿಂದ ತರುವುದು? ದುಡ್ಡು ಕೊಟ್ಟರೆ ಬೆಳಗಾಗುವುದರೊಳಗೆ ಸಾವಿರಾರು ‘ಹಿಂಬಾಲಕರನ್ನು’ ಒದಗಿಸುವ ವ್ಯಾಪಾರಿಗಳೂ ಇದ್ದಾರೆ. ಆ ದಾರಿ ಹಿಡಿಯುವ ಮುನ್ನ ನಮ್ಮ ಜಿಲ್ಲೆಯ ಚರಿತ್ರೆಯತ್ತ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ಮೊಬೈಲು ಇಲ್ಲದ ಕಾಲದಲ್ಲಿ ಜನರನ್ನು ಗಳಿಸಿದ ಇಬ್ಬರು ಇಲ್ಲಿ ಸಿಗುತ್ತಾರೆ.

ಸಭೆಯಲ್ಲಿದ್ದ ಒಬ್ಬ ಹುಡುಗ

ಮೊದಲನೆಯವರು ತಿರುಮಲೈ ಕೃಷ್ಣಮಾಚಾರ್ಯರು. ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಯೋಗವೆಂದರೆ ಸಂನ್ಯಾಸಿಗಳ ಸೊತ್ತು, ಸಂಸಾರಿಗಳಿಗಲ್ಲ ಎಂದು ಜನ ನಂಬಿದ್ದ ದಿನಗಳವು. ಆಚಾರ್ಯರು ಊರೂರಿಗೆ ಹೋಗಿ ಆಸನಗಳನ್ನು ಮಾಡಿ ತೋರಿಸಿದರು, ಅವುಗಳ ಅರ್ಥ ವಿವರಿಸಿದರು. 1927ರಲ್ಲಿ ಹಾಸನದಲ್ಲಿ ನಡೆದ ಅಂಥದೊಂದು ಪ್ರದರ್ಶನವನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬ ಬೆರಗಾಗಿ ನೋಡಿದ. ಮರುದಿನವೇ ಶಿಷ್ಯನಾದ. ಮುಂದೆ ಮೈಸೂರಿಗೆ ದೇಶವಿದೇಶಗಳ ಕಲಿಕೆಗಾರರನ್ನು ಸೆಳೆದ ಪಟ್ಟಾಭಿ ಜೋಯಿಸರೇ ಆ ಹುಡುಗ!

ಅಂದಿನ ಸಭೆಯಲ್ಲಿ ಎಷ್ಟು ಜನ ಚಪ್ಪಾಳೆ ತಟ್ಟಿದರೋ ಈಗ ಯಾರಿಗೂ ಬೇಕಿಲ್ಲ. ಮರುದಿನ ಕಲಿಯಲು ಬಂದವನೊಬ್ಬನೇ ಲೆಕ್ಕಕ್ಕೆ ಉಳಿದ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ‘ಯೋಗ ಮಕರಂದ’ವನ್ನು ಬರೆದದ್ದು ಕನ್ನಡದಲ್ಲಿ ಎಂಬುದನ್ನು ಗಮನಿಸಬೇಕು. ಎದುರಿಗಿರುವವರ ಭಾಷೆಯಲ್ಲಿ ಹೇಳಿದರೆ ಮಾತ್ರ ವಿದ್ಯೆ ಮನೆಯೊಳಗೆ ಹೋಗುತ್ತದೆ. 1938ರಲ್ಲಿ ಅವರ ಹಾಗೂ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರ ಆಸನಗಳನ್ನು ಮೂಕಿ ಚಿತ್ರವಾಗಿ ಸೆರೆಹಿಡಿಯಲಾಯಿತು. ಆ ಚಿತ್ರವನ್ನು ಯೂಟ್ಯೂಬಿನಲ್ಲಿ ಇಂದಿಗೂ ಜನ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅದರಲ್ಲಿರುವುದು ವರ್ಷಗಟ್ಟಲೆ ಪಳಗಿದ ದೇಹ, ಅಷ್ಟೆ.

ಮಲ್ಲಾಡಿಹಳ್ಳಿಯ ‘ತಿರುಕ’

ಎರಡನೆಯವರನ್ನು ಹೊಳಲ್ಕೆರೆ ತಾಲ್ಲೂಕಿನವರಿಗೆ ಪರಿಚಯಿಸಬೇಕಾಗಿಯೇ ಇಲ್ಲ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ 1940ರ ದಶಕದಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. ಊರೂರಿನಲ್ಲಿ ವ್ಯಾಯಾಮ ಮತ್ತು ಯೋಗ ಶಿಬಿರ ನಡೆಸಿದರು, ಆಯುರ್ವೇದದ ಚಿಕಿತ್ಸೆ ನೀಡಿದರು. ಆಶ್ರಮಕ್ಕಾಗಿ ಜೋಳಿಗೆ ಹಿಡಿದರು. ‘ತಿರುಕ’ ಎಂಬುದು ಅವರು ತಮಗೆ ತಾವೇ ಇಟ್ಟುಕೊಂಡ ಕಾವ್ಯನಾಮ. 1996ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಸುಮಾರು 45 ಲಕ್ಷ ಜನರಿಗೆ ಯೋಗ ಕಲಿಸಿದರೆಂಬ ಮಾತು ಅವರ ಬಗ್ಗೆ ಪ್ರಚಲಿತವಾಗಿದೆ. ಅಷ್ಟೂ ಜನರನ್ನು ಎಣಿಸಿದವರು ಯಾರು ಎಂದು ಕೇಳಬಹುದು. ಆದರೆ ಹಳ್ಳಿಯ ಶಾಲೆಯಂಗಳದಲ್ಲಿ ಸಾಲಾಗಿ ನಿಂತು ಅವರಿಂದ ಕಲಿತವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಆ ನೆನಪನ್ನು ಹೇಳುತ್ತಾರೆ.

ಈಗ ಜಗತ್ತಿನಾದ್ಯಂತ ಲಕ್ಷಾಂತರ ಜನ ವಿಡಿಯೊಗಳಲ್ಲಿ ನೋಡುವ ಜಗ್ಗಿ ವಾಸುದೇವ್ ಅವರೂ ಮೊದಲ ಯೋಗಪಾಠ ಕಲಿತದ್ದು ಈ ಸ್ವಾಮೀಜಿಯವರಿಂದಲೇ. ತಾತನ ಮನೆಯ ಬಾವಿಗೆ ಧುಮುಕಿ ಮೇಲೇರುವ ಆಟದಲ್ಲಿ ಆ ವಯೋವೃದ್ಧರು ಹುಡುಗರನ್ನೆಲ್ಲ ಹಿಂದೆ ಹಾಕಿದರಂತೆ. ‘ಇದು ಹೇಗೆ?’ ಎಂದು ಕೇಳಿದಾಗ ಅವರು ಯೋಗ ಕಲಿಯಲು ಕರೆದರು ಎಂದು ಜಗ್ಗಿ ಅನೇಕ ಕಡೆ ಹೇಳಿಕೊಂಡಿದ್ದಾರೆ. ಮೊದಲು ತಾನು ಮಾಡಿ ತೋರಿಸುವುದು, ಹುಡುಗನಿಗೆ ಕುತೂಹಲ ಹುಟ್ಟಿದ ಮೇಲೆ ಕಲಿಸುವುದು... ಪ್ರಚಾರದ ಗುಟ್ಟೆಲ್ಲ ಇಷ್ಟರಲ್ಲೇ ಇದೆಯಲ್ಲವೆ?

ಲೆಕ್ಕದಲ್ಲಿ ಜನ, ಎದುರಿಗೆ ಯಾರೂ ಇಲ್ಲ

ಕೊಂಡುಕೊಂಡ ಹಿಂಬಾಲಕರಿಂದ ಏನು ನಷ್ಟ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಲೆಕ್ಕ ನೋಡಿ. ಯೂಟ್ಯೂಬಿನಲ್ಲಿ ಜಾಹೀರಾತಿನ ಆದಾಯದ ಪಾಲು ಪಡೆಯಲು ಇರುವ ಮುಖ್ಯ ದಾರಿಯೆಂದರೆ 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ. ಹಂಚಿ ನೋಡಿದರೆ ತಲೆಗೆ ನಾಲ್ಕು ಗಂಟೆ. ಕೊಂಡುಕೊಂಡ ಹೆಸರುಗಳು ನಾಲ್ಕು ನಿಮಿಷವೂ ನೋಡುವುದಿಲ್ಲ. ಒಂದು ವಿಡಿಯೊವನ್ನು ಇನ್ನಷ್ಟು ಜನರ ಮುಂದಿಡಬೇಕೇ ಎಂದು ಈ ಜಾಲತಾಣಗಳು ತೀರ್ಮಾನಿಸುವಾಗ, ಕಂಡವರು ಎಷ್ಟು ಹೊತ್ತು ನಿಂತು ನೋಡಿದರು ಎಂಬುದನ್ನೂ ಗಮನಿಸುತ್ತವೆ. ಯಾರೂ ನಿಲ್ಲದಿದ್ದರೆ ವಿಡಿಯೊ ಅಲ್ಲಿಗೇ ನಿಲ್ಲುತ್ತದೆ. ಜೊತೆಗೆ, ಸುಳ್ಳು ಸಂಖ್ಯೆ ಕೂಡಿಸುವುದು ಅವುಗಳ ನಿಯಮಕ್ಕೆ ವಿರುದ್ಧ. ಖಾತೆಯೇ ಹೋಗಬಹುದು.

ಆಡಬಾರದ ಮಾತು

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಜನರನ್ನು ಬೇಗ ಸೆಳೆಯುವ ಆತುರದಲ್ಲಿ ‘ಈ ಆಸನ ಮಾಡಿ, ಸಕ್ಕರೆ ಕಾಯಿಲೆ ಮಾಯ’ ಎಂದುಬಿಡುವುದು ಸುಲಭ. ಅದನ್ನು ನಂಬಿ ದೂರದ ಊರಿನ ಯಾರದೋ ಅಜ್ಜಿ ಮಾತ್ರೆ ನಿಲ್ಲಿಸಿದರೆ? ಆ ಅಜ್ಜಿಯ ಸಂಕಟ ವಿಡಿಯೊ ಮಾಡಿದ ಮಗುವಿಗೆ ತಿಳಿಯುವುದೇ ಇಲ್ಲ.

ಕಾನೂನು ಕೂಡ ಸುಮ್ಮನಿಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ರೋಗಗಳನ್ನು ಗುಣಪಡಿಸುವುದಾಗಿ ಔಷಧ ಹಾಗೂ ‘ಮಾಂತ್ರಿಕ’ ಪರಿಹಾರಗಳ ಜಾಹೀರಾತು ನೀಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಆರೋಗ್ಯ ತಜ್ಞರೆಂದು ಹೇಳಿಕೊಂಡು ಜಾಲತಾಣದಲ್ಲಿ ಪ್ರಚಾರ ಮಾಡುವವರು ತಮ್ಮ ಅರ್ಹತೆಯನ್ನು ಬಹಿರಂಗಪಡಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟಿನಲ್ಲಿ ಮಾರ್ಗಸೂಚಿ ಹೊರಡಿಸಿತು. ನೀರು ಕುಡಿಯಿರಿ, ನಿತ್ಯ ವ್ಯಾಯಾಮ ಮಾಡಿ ಎಂಬಂಥ ಸಾಮಾನ್ಯ ಸಲಹೆಗೆ ಅಡ್ಡಿಯಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು, ಬಲ್ಲವರ ಎದುರು ಕಲಿಯಬೇಕು. ಕಲಿತು ತಾನೇ ಕೆಲವು ತಿಂಗಳು ನಡೆಸಿದ ಮೇಲೆ ಇನ್ನೊಬ್ಬರಿಗೆ ತೋರಿಸಬೇಕು. ‘ನಾನು ಇನ್ನೂ ವಿದ್ಯಾರ್ಥಿ’ ಎಂದು ಹೇಳಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಎರಡನೆಯದು, ಊರೆಲ್ಲರ ಎಲ್ಲ ನೋವಿಗೂ ಮದ್ದು ಹೇಳುವ ಬದಲು ಒಂದೇ ವಿಷಯ ಹಿಡಿಯಬೇಕು. ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ಹೆಂಗಸರು ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುತ್ತಾರೆ. ನಡುನಡುವೆ ಎದ್ದು ಸೊಂಟ, ಭುಜ ಸಡಿಲಿಸಿಕೊಳ್ಳುವ ಐದು ನಿಮಿಷದ ಸರಳ ಕ್ರಮವನ್ನು ನಮ್ಮೂರ ಮಾತಿನಲ್ಲೇ ತೋರಿಸಿ. ಯಾರು ಅದನ್ನು ಮಾಡಬಾರದು, ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬುದನ್ನೂ ಹೇಳಿ. ನೋಡುವವರು ಐವತ್ತೇ ಮಂದಿ ಇರಲಿ. ಅವರು ನಾಳೆಯೂ ಬರುತ್ತಾರೆ, ನಾಡಿದ್ದು ನೆರೆಮನೆಯವರನ್ನೂ ಕರೆತರುತ್ತಾರೆ.

ಮೂರನೆಯದು, ಕೇಳಿದವರಿಗೆ ಉತ್ತರಿಸಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ವಾರಕ್ಕೊಂದು ದಿನ ಎಂದು ಗೊತ್ತುಮಾಡಿಕೊಂಡರೆ ಪರೀಕ್ಷೆಯೂ ಕೆಡುವುದಿಲ್ಲ, ನೋಡುವವರಿಗೂ ರೂಢಿಯಾಗುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಮೊಬೈಲು ಕಸಿದುಕೊಳ್ಳುವ ಮುನ್ನ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ‘ಎಷ್ಟು ಲೈಕ್ ಬಂತು?’ ಎಂದು ಕೇಳುವ ಬದಲು ‘ಯಾರಿಗಾದರೂ ಉಪಯೋಗವಾಯಿತಾ?’ ಎಂದು ಕೇಳಿ. ಮಕ್ಕಳು ಯಾವುದನ್ನು ಎಣಿಸಲು ಕಲಿಯುತ್ತಾರೆ ಎಂಬುದು ನಿಮ್ಮ ಪ್ರಶ್ನೆಯನ್ನು ಅವಲಂಬಿಸಿದೆ.

ಇನ್ನು ತಾರಸಿಯ ಮೇಲಿರುವ ಮಗಳಿಗೆ ಹೇಳುವುದಿಷ್ಟೇ. ನಿನ್ನ ಮೊದಲ ವಿದ್ಯಾರ್ಥಿನಿ ಮೊಬೈಲಿನಲ್ಲಿಲ್ಲ ತಾಯಿ, ಸೊಂಟ ಹಿಡಿದುಕೊಂಡು ಕೆಳಗೇ ನಿಂತಿದ್ದಾಳೆ. ಚಾಪೆ ತೆಗೆದುಕೊಂಡು ಇಳಿದು ಬಾ.